ಕರೆಂಟು ಇಲ್ಲದ ಹೊತ್ತಿನ ಸುದ್ದಿ

ದಾಕ್ಷಾಯಣಿ ಹಿತ್ತಾಳೆಯ ಕೊಡ ತುಂಬಿಸಿ, ಪ್ಲಾಸ್ಟಿಕ್ ಕೊಡವನ್ನು ನಳದ ಕೆಳಗೆ ಸರಿಸುತ್ತಿದ್ದಾಗ ಕರೆಂಟು ಹೋಯಿತು. ನೂಲಗಟ್ಟಿಯ ಹಟಗಾರ ಓಣಿಯಲ್ಲಿ ಕರೆಂಟು ಹೋದದ್ದನ್ನು ತಿಳಿಯಲು ಯಾರೂ ದೀಪ ನೋಡುವುದಿಲ್ಲ. ಮನೆಮನೆಯ ಮಗ್ಗ ಒಮ್ಮೆಲೇ ನಿಲ್ಲುತ್ತದೆ. ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಖಾಲಿಯಾಗಿ, ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿಯುವುದೂ ಕೇಳಿಸುತ್ತದೆ.

ನೀರು ಬರುವುದು ವಾರಕ್ಕೊಮ್ಮೆ. ನಳದ ಬಾಯಿಗೆ ಕಟ್ಟಿದ್ದ ಬಿಳಿ ಅರಿವೆಯ ಮೇಲೆ ಅವಳ ಕಣ್ಣಿತ್ತು. ಧಾರೆ ಸಣ್ಣಗಾಯಿತು. ನಳ ಒಂದೆರಡು ಸಲ ಗಾಳಿ ಕಕ್ಕಿತು. ಆಮೇಲೆ ಬಂದ ನೀರಿಗೆ ಅರಿವೆ ನೇರಳೆ ಬಣ್ಣಕ್ಕೆ ತಿರುಗಿತು.

"ಅಂಕಿತಾ, ಹಿತ್ತಾಳಿ ಕೊಡ ಒಳಗ ಇಡು. ಅದರಾಗ ಈ ನೀರು ಸಿಡೀಬಾರ್ದು."

ಹತ್ತು ವರ್ಷದ ಅಂಕಿತಾ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಬಂದಳು. ಕೊಡ ಮುಟ್ಟಲಿಲ್ಲ. ಅವ್ವನ ಫೋನು ತೆಗೆದುಕೊಂಡು, ಬಚ್ಚಲಿನ ಕತ್ತಲೆಗೆ ಟಾರ್ಚು ಹಚ್ಚಿ ಅರಿವೆಗೆ ಹಿಡಿದಳು.

"ಮೊದ್ಲ ಬಾಯಿ ತೊಳಕೋ."

ಅಂಕಿತಾ ಉಗುಳಿ, ಲಂಗದ ತುದಿಯಿಂದ ಬಾಯಿ ಒರೆಸಿಕೊಂಡು, ದನಿ ಬದಲಿಸಿದಳು. "ನಮಸ್ಕಾರ. ನಾನು ಅಂಕಿತಾ, ಹಟಗಾರ ಓಣಿಯಿಂದ. ಈಗ ನಮ್ಮ ನಳದಾಗ ಬಣ್ಣದ ನೀರು ಬರಾಕತ್ತೈತಿ. ಇದು ಕುಡಿಯೂ ನೀರು."

ಪಕ್ಕದ ಮನೆಯ ಮಾಲನಬೀ ಖಾಲಿ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಅವಳ ಸಣ್ಣ ಮಗ ರಿಹಾನ್. ಮಗುವಿನ ಕಾಲ ತುಂಬ ಕೆಂಪು ಗುಳ್ಳೆಗಳು, ಹೊಟ್ಟೆ ಕೆಟ್ಟು ಮುಖ ಸೋತಿತ್ತು.

"ಹೊಡಿ ಅವ್ವಾ, ಮದುವಿ ವಿಡಿಯೊ ಹೊಡದಂಗ ಚಂದಾಗಿ ಹೊಡಿ," ಎಂದಳು ಮಾಲನಬೀ. "ಕರೆಂಟ್ ಇಲ್ಲದಾಗ ಹೊಡದಿದ್ದನ್ನ ಯಾರು ನೋಡ್ತಾರ?"

"ಸುಮ್ನಿರ್ರಿ ಮೌಶಿ, ನಿಮ್ಮ ದನಿ ಬರ್ತೈತಿ."

"ಬರ್ಲಿ ಬಿಡು. ನಾಡಿ ಅಂತೂ ಬರಾಂಗಿಲ್ಲ, ನನ್ನ ದನಿಯರೆ ಬರ್ಲಿ."

ಅಂಕಿತಾ ಅದನ್ನು ಅಳಿಸಿ, ಮೌಶಿಯ ಮಾತು ಸೇರದಂತೆ ಮೊದಲಿನಿಂದ ಮತ್ತೆ ತೆಗೆದಳು; ಮಗುವಿನ ಕಾಲಿನ ಗುಳ್ಳೆಗಳಿಗೂ ಟಾರ್ಚು ಹಿಡಿದಳು. ಬೆಳಕಿಗೆ ಬೆದರಿ ರಿಹಾನ್ ಅತ್ತ. ಅಂಕಿತಾ ವಿಡಿಯೊ ಕಳಿಸಿ, ಫೋನನ್ನು ಅವ್ವನಿಗೆ ಕೊಟ್ಟು ಶಾಲೆಗೆ ಹೊರಡಲು ಜಡೆ ಬಿಚ್ಚಿಕೊಂಡು ಕುಳಿತಳು.

ಸುದ್ದಿ ಮಾಡುವ ಕೆಲಸ ಓಣಿಯ ಜನರ ಕೈಗೆ ಬಂದು ಬಹಳ ವರ್ಷವಾಗಿತ್ತು. ಮೊದಮೊದಲು ಫೋನು ಇದ್ದವರೆಲ್ಲ ವರದಿಗಾರರಾದರು. ಗಟಾರು ಉಕ್ಕಿದ್ದು, ಶಾಲೆಯ ಮಾಡು ಸೋರಿದ್ದು, ಬಸ್ಸು ನಿಲ್ಲಿಸದೆ ಹೋದದ್ದು, ಎಲ್ಲವೂ ಪತ್ರಿಕೆಯವರಿಗಿಂತ ಮೊದಲೇ ಊರಿಗೆ ಗೊತ್ತಾಗುತ್ತಿತ್ತು. ಆಮೇಲೆ, ನಡೆಯದೇ ಇದ್ದದ್ದನ್ನು ನಡೆದ ಹಾಗೆ ತೋರಿಸುವ ಯಂತ್ರಗಳು ಬಂದವು. ಇಲ್ಲದ ಬೆಂಕಿ, ಇಲ್ಲದ ಜಗಳ, ಸತ್ತವರ ಭಾಷಣ. ಇಲ್ಲದ ಸುದ್ದಿಯ ಮೇಲೆ ಕೆಲವು ಊರುಗಳಲ್ಲಿ ನಿಜವಾದ ಕಲ್ಲುಗಳು ಬಿದ್ದವು. ಕಡೆಗೆ ಜನ ಯಾವುದನ್ನೂ ನಂಬದಾದರು, ಕಣ್ಣೆದುರಿನದನ್ನೂ.

ಆಗ ಬಂದದ್ದು ನಾಡಿ ಪರೀಕ್ಷೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಅತ್ತಿತ್ತ ತೂಗುತ್ತದೆ. ಸರಿಯಾಗಿ ಐವತ್ತಲ್ಲ. ಎಲ್ಲೋ ಒಂದು ದೊಡ್ಡ ಕಾರ್ಖಾನೆ ಶುರುವಾದರೆ ಕೂದಲೆಳೆಯಷ್ಟು ಕಡಿಮೆ; ಎಲ್ಲೋ ಮಳೆ ಬಿದ್ದು ಹೊಲದ ಪಂಪುಗಳು ನಿಂತರೆ ಕೂದಲೆಳೆಯಷ್ಟು ಹೆಚ್ಚು. ದೇಶದ ತಂತಿಗಳಲ್ಲೆಲ್ಲ ಈ ಏರಿಳಿತ ಒಂದೇ ಗಳಿಗೆಗೆ ಒಂದೇ ರೀತಿ ಆಗುತ್ತದೆ, ಒಮ್ಮೆ ಆದ ಹಾಗೆ ಇನ್ನೊಮ್ಮೆ ಆಗುವುದಿಲ್ಲ. ಟ್ಯೂಬ್‌ಲೈಟು, ಫ್ಯಾನು, ಗೋಡೆಯೊಳಗಿನ ತಂತಿ ಹೊರಡಿಸುವ ಸಣ್ಣ ಗುಂಯ್ ಸದ್ದಿನಲ್ಲಿ ಸೇರಿಕೊಂಡು ಅದು ಅಲ್ಲಿ ತೆಗೆದ ಪ್ರತಿ ವಿಡಿಯೊದೊಳಗೂ ಉಳಿಯುತ್ತದೆ. ಪರೀಕ್ಷಾ ಕೇಂದ್ರಗಳು ತಂತಿಯ ಈ ನಾಡಿಯನ್ನು ಹಗಲಿರುಳು ಹಿಡಿದಿಡುತ್ತವೆ. ವಿಡಿಯೊದ ಗುಂಯ್ ಸದ್ದು ಅದಕ್ಕೆ ತಾಳೆಯಾದರೆ ಹಸಿರು ಮುದ್ರೆ. ಆಗದಿದ್ದರೆ ಅದು ಸುದ್ದಿಯಲ್ಲ. ಬೇರೆ ವಿಡಿಯೊದಿಂದ ನಾಡಿಯನ್ನು ಕಿತ್ತು ಹಚ್ಚಲು ಹೋದವರಿದ್ದರು. ನಾಡಿಯ ಜೊತೆ ಅಲ್ಲಿಯ ಬೇರೆ ಸದ್ದುಗಳೂ ಅಂಟಿಕೊಂಡು ಬಂದು ಯಂತ್ರಕ್ಕೆ ಸಿಕ್ಕಿಬಿದ್ದರು. ಶುದ್ಧವಾದ ನಾಡಿ ಇದ್ದದ್ದು ಕೇಂದ್ರಗಳಲ್ಲಿ ಮಾತ್ರ.

ಕರೆಂಟು ಇಲ್ಲದ ಹೊತ್ತಿಗೆ ನಾಡಿಯೂ ಇಲ್ಲ. ಇನ್‌ವರ್ಟರಿನ ಸದ್ದು ಬೇರೆ, ಅದು ತಾಳೆಯಾಗದು. ಈ ಒಂದು ತೂತಿಗೆ ಜನ ಬೇಗ ಹೊಂದಿಕೊಂಡರು. ಸೊಸೆಯಂದಿರು ಅತ್ತೆಗೆ ಅನ್ನಬೇಕಾದದ್ದನ್ನು ಕರೆಂಟು ಹೋಗುವವರೆಗೆ ಬಾಯಲ್ಲಿ ಇಟ್ಟುಕೊಂಡರು. ಚುನಾವಣೆಗೆ ನಿಂತವರು ನಡೆಸಲಾಗದ ಮಾತನ್ನು ಕರೆಂಟಿಲ್ಲದಾಗಲೇ ಕೊಟ್ಟರು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮುರಿಗೆಪ್ಪ ಸಾಹುಕಾರ ತೊಟ್ಟಿಯ ಹೊಲಸು ನೀರನ್ನು ಹಳ್ಳಕ್ಕೆ ಬಿಡುತ್ತಿದ್ದದ್ದೂ ಆಗಲೇ.

ಕುಡಿಯುವ ನೀರಿನ ಹಳೆಯ ಪೈಪು ಅದೇ ಹಳ್ಳದಲ್ಲಿ ಹಾದು ಬರುತ್ತದೆ. ಪಂಪು ನಡೆಯುವಾಗ ಪೈಪಿನ ನೀರು ಬಿರುಕುಗಳಿಂದ ಹೊರಗೆ ಜಿನುಗುತ್ತದೆ. ಪಂಪು ನಿಂತೊಡನೆ ಪೈಪು ಖಾಲಿಯಾಗುತ್ತ ಹಳ್ಳದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಎಲ್ಲ ತಿಳಿ. ಆಗ ತೆಗೆದ ವಿಡಿಯೊಗಳಿಗೆ ಹಸಿರು ಮುದ್ರೆ ಬೀಳುತ್ತಿತ್ತು. ಜಗತ್ತಿನ ಮಟ್ಟಿಗೆ ಹಟಗಾರ ಓಣಿಯ ನೀರು ತಿಳಿಯಾಗಿಯೇ ಇತ್ತು.

ದಾಕ್ಷಾಯಣಿಗೆ ಇದೆಲ್ಲ ಗೊತ್ತಿದ್ದದ್ದು ಅವಳ ಕೆಲಸದಿಂದ. ಊರ ಹೊರಗಿನ ನಾಡಿ ಕೇಂದ್ರದಲ್ಲಿ ಅವಳು ಪರೀಕ್ಷಕಿ. ಗಂಡ ಇಚಲಕರಂಜಿಯಲ್ಲಿ ಮಗ್ಗ ರಿಪೇರಿಯ ಕೆಲಸದಲ್ಲಿದ್ದ. ಮಗಳನ್ನು ಶಾಲೆಗೆ ಬಿಟ್ಟು ಅವಳು ಬಸ್ಸು ಹತ್ತುತ್ತಿದ್ದಳು.

ಕೇಂದ್ರದ ಗೋಡೆಯ ಮೇಲೆ ತಂತಿಯ ನಾಡಿ ಹಸಿರು ಗೆರೆಯಾಗಿ ಎಡದಿಂದ ಬಲಕ್ಕೆ ಸಣ್ಣಗೆ ಅಲುಗುತ್ತ ಸಾಗುತ್ತಿತ್ತು. ಯಂತ್ರ ತಿರಸ್ಕರಿಸಿದ ವಿಡಿಯೊಗಳನ್ನು ಮನುಷ್ಯರು ಒಮ್ಮೆ ಕೇಳಿಯೇ ಅಳಿಸಬೇಕೆಂಬ ನಿಯಮವಿತ್ತು. ಹೆಡ್‌ಫೋನು ಹಾಕಿಕೊಂಡು ಅದನ್ನು ಮಾಡುವುದು ಅವಳ ಪಾಲಿನ ಕೆಲಸ.

"ಅಕ್ಕಾರ, ಇದನ್ನ ನೋಡ್ರಿ," ಎಂದು ಕೇಂದ್ರದ ಮುಖ್ಯಸ್ಥ ವಾದಿರಾಜ ಪಕ್ಕದ ಮೇಜಿನಿಂದ ನಕ್ಕ. ಧಾರವಾಡದ ಕಡೆಯ ಹುಡುಗ, ಅವಳಿಗಿಂತ ಚಿಕ್ಕವನು. "ಒಂದು ಎಮ್ಮಿ ಇನ್‌ವರ್ಟರ್ ಬೆಳಕಿನ್ಯಾಗ ಕರು ಹಾಕೇದ. ನಾಡಿ ಇಲ್ಲ. ಹಿಂಗಾಗಿ ಕರು ಹುಟ್ಟಿಲ್ಲ."

"ಎಮ್ಮಿಗೆ ಯಾರು ಹೇಳ್ತೀರಿ?"

"ಅದೂ ನಿಮ್ಮ ಪಾಳಿನ ಇವತ್ತ."

ಅವಳೂ ನಕ್ಕಳು. ಮುಂದಿನ ವಿಡಿಯೊ ತೆರೆದಾಗ ಕಿವಿಯಲ್ಲಿ ಮಗಳ ದನಿ ಬಂತು. ನಮಸ್ಕಾರ. ನಾನು ಅಂಕಿತಾ, ಹಟಗಾರ ಓಣಿಯಿಂದ.

ಮನೆಯವರ ವಿಡಿಯೊ ಬಂದರೆ ಬೇರೆಯವರ ಮೇಜಿಗೆ ಕಳಿಸಬೇಕು. ಅವಳು ಕಳಿಸಲಿಲ್ಲ, ಕೊನೆಯವರೆಗೆ ಕೇಳಿದಳು. ಹನಿ ಬೀಳುವ ಸದ್ದು, ಮಾಲನಬೀಯ ಬಳೆ, ರಿಹಾನ್‌ನ ಅಳು, ಎಲ್ಲವೂ ನಿಚ್ಚಳವಾಗಿದ್ದವು. ಪರದೆಯಲ್ಲಿ ನಾಡಿ ಇರಬೇಕಾದ ಜಾಗ ಮಾತ್ರ ಒರೆಸಿಟ್ಟಂತೆ ಬರಿದು.

"ವಾದಿರಾಜ, ಕರೆಂಟ್ ಇಲ್ಲದಾಗ ಆಗಿದ್ದು ಆಗೇ ಇಲ್ಲೇನ್ರಿ?"

ಅವನು ಕುರ್ಚಿ ತಿರುಗಿಸಿದ. "ಆಗಿರ್ತದ ಅಕ್ಕಾರ. ಆದ್ರ ಆಗೇದ ಅಂತ ಹೇಳ್ಲಿಕ್ಕೆ ನಮಗ ಬರೂದಿಲ್ಲ. ಪಾಪ ಅಂತ ಒಂದನ್ನ ಬಿಟ್ಟಿವಿ ಅಂದ್ರ, ನಾಳೆ ಎಲ್ಲಾ ಸುಳ್ಳೂ ಅದೇ ಬಾಗಲದಾಗ ಒಳಗ ಬರ್ತಾವ. ಕಲ್ಲು ಬಿದ್ದ ದಿನ ನೆನಪವ ಅಲ್ಲ?"

ನೆನಪಿದ್ದವು. ಅವನು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ವಿಡಿಯೊವನ್ನು ಅಳಿಸದೆ ಪಕ್ಕಕ್ಕೆ ಸರಿಸಿ ಮುಂದಿನದನ್ನು ತೆರೆದಳು.

ಊಟದ ಡಬ್ಬಿ ಬಿಚ್ಚುವಾಗ ಮಾಲನಬೀಯ ಫೋನು ಬಂತು.

"ಅಕ್ಕಾರ, ರಿಹಾನ್‌ಗ ಸಲಾಯಿನ್ ಹಚ್ಯಾರ. ಕಣ್ಣ ತೆರೀವಲ್ಲ."

"ಡಾಕ್ಟರು ಏನಂದ್ರು?"

"ಆ ನೀರು ಕುಡಸಬ್ಯಾಡ ಅಂದ್ರು. ಮತ್ತ ಯಾವ ನೀರು ಕುಡಸ್ಲಿರಿ ಅಂದ್ನಿ. ಹೊರಗ ಕುಂದ್ರು ಅಂದ್ರು." ಮತ್ತೆ ಅವಳೇ ಕೇಳಿದಳು, "ಅಂಕಿತಾನ ವಿಡಿಯೊ ಏನಾತು?"

"ನೋಡಾಕತ್ತೀವಿ," ಎಂದಳು ದಾಕ್ಷಾಯಣಿ.

ವಾದಿರಾಜ ಚಹಾ ಕುಡಿಯಲು ಹೊರಗೆ ಹೋದಾಗ ಅವಳು, ಓಣಿಯಲ್ಲಿ ಕರೆಂಟು ಇಲ್ಲದಾಗಲೂ ಕೇಂದ್ರದಲ್ಲಿ ದಾಖಲಾಗಿದ್ದ ಆ ಬೆಳಗಿನ ನಾಡಿಯನ್ನು ಸಂಗ್ರಹದಿಂದ ತೆಗೆದಳು. ಹಳೆಯ ವಿಡಿಯೊಗಳ ಗೊಜಗೊಜ ಸದ್ದು ತೊಳೆಯಲೆಂದು ಪರೀಕ್ಷಕರಿಗೆ ಅದನ್ನು ಬಳಸುವ ಅಧಿಕಾರವಿತ್ತು. ತೊಳೆಯುವ ಬದಲು ಕೂಡಿಸುವುದು ಕಷ್ಟದ ಕೆಲಸವೇನಲ್ಲ. ಸೀರೆಯ ಒಳಮೈಗೆ ಫಾಲ್ ಹೊಲಿಯುವ ಹಾಗೆ ಮಗಳ ದನಿಯ ಕೆಳಗೆ ಅದನ್ನು ಹಾಸಿ, ತುದಿಗಳನ್ನು ಸರಿಮಾಡಿ, ಮತ್ತೆ ಯಂತ್ರಕ್ಕೆ ಕೊಟ್ಟಳು. ಹಸಿರು ಮುದ್ರೆ ಬಿತ್ತು. ನಾಡಿ ಇದೆಯೆಂದರೆ ಕರೆಂಟು ಇತ್ತೆಂದೇ ಅರ್ಥ. ಕರೆಂಟು ಇತ್ತೇ ಎಂದು ಬೇರೆಯಾಗಿ ಕೇಳುವ ಏರ್ಪಾಡು ಯಾರೂ ಮಾಡಿರಲಿಲ್ಲ. ಅವಳು ಡಬ್ಬಿಯಲ್ಲಿ ಉಳಿದಿದ್ದ ಅನ್ನ ಉಂಡು, ಕೈ ತೊಳೆದುಕೊಂಡು ಬಂದು ಕುಳಿತಳು.

ಸಂಜೆ ಅವಳು ಬಸ್ಸು ಇಳಿಯುವಷ್ಟರಲ್ಲಿ ಆ ನೇರಳೆ ಅರಿವೆಯನ್ನು ರಾಜ್ಯವೆಲ್ಲ ನೋಡಿಯಾಗಿತ್ತು.

ಮುಂದಿನದೆಲ್ಲ ಬೇಗ ನಡೆಯಿತು. ಅಧಿಕಾರಿಗಳು ಬಂದು ಹಳ್ಳದ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೋದರು. ಬಣ್ಣದ ಕಾರ್ಖಾನೆಯ ಬಾಗಿಲಿಗೆ ಬೀಗ ಮುದ್ರೆ ಬಿತ್ತು. ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ಬಂತು, ಹಳ್ಳದ ಪೈಪು ಬದಲಿಸುವ ಕೆಲಸಕ್ಕೆ ಆಜ್ಞೆಯಾಯಿತು. ರಿಹಾನ್ ಆಸ್ಪತ್ರೆಯಿಂದ ಬಂದು ಮತ್ತೆ ಓಣಿಯ ಕೋಳಿಗಳ ಬೆನ್ನು ಹತ್ತಿದ. ಅಂಕಿತಾಗೆ ಶಾಲೆಯಲ್ಲಿ ಶಾಲು ಹೊದೆಸಿದರು. ಅದು ಅವಳ ಮೊಣಕಾಲಿನವರೆಗೆ ಇಳಿಯಿತು.

ಮುರಿಗೆಪ್ಪ ಸಾಹುಕಾರ ಒಂದು ಮಧ್ಯಾಹ್ನ ತಾನೇ ಓಣಿಗೆ ಬಂದ. ಮಗ್ಗ ನಿಲ್ಲಿಸಿ ಜನ ಹೊರಗೆ ಬಂದು ನಿಂತರು.

"ಅವತ್ತ ಮುಂಜಾನೆ ಕರೆಂಟ್ ಇರ್ಲಿಲ್ಲ," ಎಂದ ಸಾಹುಕಾರ. "ನಿಮಗೆಲ್ಲಾರಿಗೂ ಗೊತ್ತೈತಿ. ಮಕ್ಕಳ ಮ್ಯಾಲ ಆಣಿ ಮಾಡಿ ಹೇಳ್ರಿ ನೋಡೂಣು."

"ನಿಮಗ ಹೆಂಗ ಅಷ್ಟು ಚಲೋ ನೆನಪೈತ್ರಿ ಸಾವ್ಕಾರ್ರ?" ಎಂದಳು ಮಾಲನಬೀ. "ಕರೆಂಟ್ ಯಾವಾಗ ಹೋದೀತು ಅಂತ ಕಾಯ್ಕೋಂತ ಕುಂತಿದ್ರೇನು?"

ಓಣಿ ನಕ್ಕಿತು. ಸಾಹುಕಾರನ ಮುಖ ಕೆಂಪಾಯಿತು. ಎಲ್ಲರಿಗಿಂತ ಹಿರಿಯ ನೇಕಾರ ಈರಪ್ಪಜ್ಜ ಕಟ್ಟೆಯ ಮೇಲಿಂದ, "ನಾಡಿ ಬಂದೈತಿ ಅಂದ ಮ್ಯಾಲ ಕರೆಂಟ್ ಇತ್ತು. ಮುಗೀತಲ್ಲ," ಎಂದ. ಸಾಹುಕಾರ ಮತ್ತೇನೋ ಹೇಳಲು ಹೋಗಿ, ತನ್ನತ್ತ ಎತ್ತಿದ್ದ ಫೋನುಗಳನ್ನು ನೋಡಿ ಗಾಡಿ ಹತ್ತಿದ.

ಅವತ್ತು ಅದು ಸಾಹುಕಾರನ ಬಾಯಿ ಮುಚ್ಚಿಸಲು ಆಡಿದ ಮಾತು. ಆದರೆ ದಿನ ಕಳೆದಂತೆ ಮಾತು ಗಟ್ಟಿಯಾಯಿತು. ಕೇಳಲು ಬಂದವರಿಗೆಲ್ಲ ಓಣಿಯವರು ಆ ಬೆಳಗನ್ನು ಹೇಳಿದರು. ಹೇಳಿದಂತೆಲ್ಲ ಅದರೊಳಗೆ ದೀಪಗಳು ಹತ್ತಿಕೊಂಡವು. ಒಬ್ಬರ ಮನೆಯಲ್ಲಿ ಟಿವಿ ನಡೆದಿತ್ತು. ಇನ್ನೊಬ್ಬರ ಮನೆಯಲ್ಲಿ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಆಗುತ್ತಿತ್ತು.

"ನಾ ರಿಹಾನ್‌ನ ಮಲಗಿಸಿ ಫ್ಯಾನ್ ಹಚ್ಚಿ ಬಂದಿದ್ನಿ," ಎಂದಳು ಒಂದು ಸಂಜೆ ಮಾಲನಬೀ, ಬಾಗಿಲಲ್ಲಿ ಕುಳಿತು ಮೆಂತ್ಯಸೊಪ್ಪು ಬಿಡಿಸುತ್ತ. "ಅಳಾಕತ್ತಾಂತ ಹೊಳ್ಳಿ ಎತ್ಕೊಂಡು ಬಂದ್ನಿ."

ಅಂಕಿತಾ ಅವಳ ಮುಖ ನೋಡಿದಳು. "ಮೌಶಿ, ನಾ ಟಾರ್ಚ್ ಹಚ್ಚಿದ್ನಿ."

"ನಿಮ್ಮ ಬಚ್ಚಲದಾಗ ಬಲ್ಬ್ ಇರ್ಲಿಲ್ಲಲ್ಲವ್ವಾ, ಅದಕ್ಕ ಹಚ್ಚಿದ್ದಿ."

ಮಾಲನಬೀ ಸುಳ್ಳು ಹೇಳುತ್ತಿರಲಿಲ್ಲ. ಅವಳ ಕಣ್ಣಿಗೆ ಫ್ಯಾನು ತಿರುಗುವುದು ಕಾಣುತ್ತಿತ್ತು. ಅಂಕಿತಾ ಎದ್ದು ಬಚ್ಚಲಿಗೆ ಹೋಗಿ ಬಲ್ಬು ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಒಳಗೆ ಅಕ್ಕಿ ಆರಿಸುತ್ತಿದ್ದ ದಾಕ್ಷಾಯಣಿಗೆ ಸ್ವಿಚ್ಚಿನ ಸದ್ದು ಕೇಳಿಸಿತು.

ಆಮೇಲೆ ಅಂಕಿತಾ ಓಣಿಯಲ್ಲಿ ವಿಡಿಯೊ ತೆಗೆಯುವುದನ್ನು ಬಿಟ್ಟಳು. ಹಂದಿಗಳು ಶಾಲೆಯ ಅಂಗಳಕ್ಕೆ ನುಗ್ಗಿದ ದಿನವೂ ಫೋನು ಕೇಳಲಿಲ್ಲ. ತನ್ನ ಹಳೆಯ ವಿಡಿಯೊವನ್ನೇ ಇಯರ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳುತ್ತಿದ್ದಳು. ಉಳಿದವರು ಅದನ್ನು ನೋಡಿದ್ದು ತಂತಮ್ಮ ಮನೆಗಳಲ್ಲಿ, ಮಗ್ಗಗಳ ಅಬ್ಬರದ ನಡುವೆ.

ಅವ್ವ ಜಡೆ ಹೆಣೆಯುವಾಗ ಅಂಕಿತಾಳ ಬೆನ್ನು ಒಮ್ಮೆ ನೆಟ್ಟಗಾಗುತ್ತಿತ್ತು. "ಅವ್ವಾ..."

"ಏನವ್ವಾ?"

"ಏನಿಲ್ಲ."

ದಾಕ್ಷಾಯಣಿ ಬಾಚಣಿಗೆ ಹಿಡಿದು ಕಾಯುತ್ತಿದ್ದಳು. ಆಮೇಲೆ ರಿಬ್ಬನ್ನು ಕಟ್ಟಿ, ತಲೆ ಸವರಿ, ಚೀಲ ಹೆಗಲಿಗೆ ಏರಿಸುತ್ತಿದ್ದಳು. ಊಟ ಕಡಿಮೆಯಾದದ್ದನ್ನು ನೋಡಿ ಮಗಳಿಗೆ ಇಷ್ಟವಾದ ಸಿಹಿ, ಮಾದೇಲಿ ಮಾಡಿದಳು. ಅಂಕಿತಾ ಒಂದು ತುತ್ತು ತಿಂದು ತಟ್ಟೆ ಸರಿಸಿದಳು.

"ಅವ್ವಾ, ಎಲ್ಲಾರೂ ಒಂದು ಮಾತು ಅಂದು, ಒಬ್ಬಾಕೀನ ಬ್ಯಾರೆ ಅಂದ್ರ, ಆಕೀದ ತಪ್ಪೇನು?"

ದಾಕ್ಷಾಯಣಿ ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟಳು. "ಯಾವ ಮಾತು?"

"ಏನಿಲ್ಲ. ಸಾಲಿಯಾಗಿಂದು."

ಕೇಂದ್ರದಲ್ಲಿ ವಾದಿರಾಜ ಒಂದು ದಿನ ಖುಷಿಯಲ್ಲಿದ್ದ. "ಸಾವ್ಕಾರ ಅಪೀಲು ಹಾಕ್ಯಾನ ಅಕ್ಕಾರ. ನಿಮ್ಮ ಓಣ್ಯಾಗ ಒಬ್ಬರರೆ ಕರೆಂಟ್ ಇರ್ಲಿಲ್ಲ ಅಂದ್ರ ಸಾಕು, ವಿಡಿಯೊ ತೆಗದುಹಾಕ್ತಾರ, ಕಾರ್ಖಾನಿ ಬಾಗಲಾ ತೆರೀತದ. ಪೈಪಿನ ಕೆಲಸಾನೂ ಅಲ್ಲಿಗೆ ನಿಂತಂಗ. ಆದ್ರ ಒಬ್ಬರೂ ಅನ್ಲಿಲ್ಲ ನೋಡ್ರಿ. ಇಂಥಾ ಮಂದಿ ಇದ್ದಲ್ಲೆ ನಮ್ಮ ಕೆಲಸಕ್ಕ ಮರ್ಯಾದಿ."

"ಹೌದ್ರಿ," ಎಂದಳು ಅವಳು. ಗೋಡೆಯ ಮೇಲೆ ಹಸಿರು ಗೆರೆ ಸಣ್ಣಗೆ ಅಲುಗುತ್ತ ಸಾಗುತ್ತಿತ್ತು. ಮಗಳಿಗೆ ಹೇಳಿಬಿಡಬೇಕೆಂದು ಅವಳು ಬಸ್ಸಿನಲ್ಲಿ ಯೋಚಿಸಿದಳು. ಹೇಳಿದರೆ ಅದನ್ನು ಮಗಳೂ ಹೊತ್ತುಕೊಂಡು ತಿರುಗಬೇಕು, ಯಾರಾದರೂ ಕೇಳಿದಾಗಲೆಲ್ಲ ಇಲ್ಲವೆನ್ನಬೇಕು. ಹೇಳದಿದ್ದರೆ ತನ್ನ ಕಣ್ಣು ಕಿವಿಯನ್ನೇ ನಂಬದೆ ಬೆಳೆಯಬೇಕು. ಹೊರಗೆ ಗೊತ್ತಾದರೆ ರಿಹಾನ್ ಮತ್ತೆ ಅದೇ ನೀರು ಕುಡಿಯಬೇಕು; ಅವನು ಇನ್ನೂ 'ಕೋಳಿ' ಎನ್ನಲು ಬಾರದೆ 'ಕೋಯಿ' ಎನ್ನುತ್ತಿದ್ದ. ಸ್ಟಾಪು ಬಂದಾಗ ಅವಳು ಏನನ್ನೂ ತೀರ್ಮಾನಿಸಿರಲಿಲ್ಲ.

ರವಿವಾರ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಳು. ಓಣಿಯ ಮಗ್ಗಗಳೆಲ್ಲ ಭರದಲ್ಲಿದ್ದವು. ಆ ಸದ್ದಿನ ನಡುವೆ ಮಗಳು ಬಂದದ್ದು ತಿಳಿಯಲಿಲ್ಲ. ಅಂಕಿತಾ ಅವ್ವನ ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು, ಅದರ ಕಣ್ಣು ಸರಿಯಾಗಿ ಒಲೆಯ ಕಡೆಗೆ ಬರುವ ಹಾಗೆ. ಗುಂಡಿ ಒತ್ತಿದಳು. ಕೆಂಪು ಚುಕ್ಕೆ ಹತ್ತಿತು.

"ಏನದು?"

"ವರದಿ ಮಾಡಾಕತ್ತೀನಿ." ಅವಳು ಮಣೆ ಎಳೆದುಕೊಂಡು ಎದುರು ಕುಳಿತಳು. ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಳು. "ಸುದ್ದಿ ಯಾರದೈತಿ ಅವರನ್ನ ಕೇಳದ ಸುದ್ದಿ ಮಾಡಬಾರ್ದು ಅಂತ ನೀನ ಹೇಳೀದಿ. ಅದಕ್ಕ ನಿನ್ನ ಕೇಳಾಕ ಬಂದೀನಿ."

ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ದಾಕ್ಷಾಯಣಿ ಅದನ್ನು ತೆಗೆದಿಟ್ಟು, ಒಲೆ ಸಣ್ಣ ಮಾಡಿದಳು. ಫೋನಿನತ್ತ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಹಿಟ್ಟಾದ ಕೈಗಳನ್ನು ಅವಳು ಪರಾತದಲ್ಲೇ ಬಿಟ್ಟಳು.

"ಕೇಳು," ಎಂದಳು.

"ಅವತ್ತ ಕರೆಂಟ್ ಇತ್ತು ಅಂತ ಎಲ್ಲಾರೂ ಅಂತಾರ. ನಾಡಿನೂ ಬಂದೈತಿ. ಅಮಾಸಿ ದಿನ ಆದ್ರ ಮಗ್ಗಕ್ಕ ಸೂಟಿ, ಆದ್ರ ಅವತ್ತ ಅಮಾಸಿ ಅಲ್ಲ, ನಾ ಕ್ಯಾಲೆಂಡರ್ ನೋಡೀನಿ." ಅಂಕಿತಾ ಫೋನಿನ ಕೆಂಪು ಚುಕ್ಕೆಯನ್ನು ಒಮ್ಮೆ ನೋಡಿಕೊಂಡಳು. ಹೊರಗಿನ ಸದ್ದಿಗೆ ದನಿ ಮುಳುಗದಂತೆ ಗಟ್ಟಿಯಾಗಿ ಕೇಳಿದಳು:

"ಕರೆಂಟ್ ಇದ್ದದ್ದು ಖರೇ ಆದ್ರ, ನನ್ನ ವಿಡಿಯೊದಾಗ ಒಂದು ಮಗ್ಗದ ಸದ್ದೂ ಯಾಕಿಲ್ಲವ್ವಾ?"